ಅಂಗಳದಲ್ಲೊಂದು ತೋಳದ ಬಂಧು



ಕರ್ನಾಟಕದ ನಕ್ಷೆಯನ್ನು ಬಿಡಿಸಿ ನೋಡಿ. ಅದರಲ್ಲಿ ನಿಮಗೆ ಎರಡು ಮುಧೋಳಗಳು ಸಿಗುತ್ತವೆ. ಒಂದು ಬಾಗಲಕೋಟೆ ಜಿಲ್ಲೆಯ ತಾಲ್ಲೂಕು ಕೇಂದ್ರ. ಇನ್ನೊಂದು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಊರು, ತೆಲಂಗಾಣದ ಗಡಿಗೆ ಹತ್ತಿರ. ಇವೆರಡರ ನಡುವೆ ರಸ್ತೆಯ ಮೇಲೆ ಇನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರ. ಆದರೂ ಸೇಡಂ ಕಡೆಯ ಮುಧೋಳದ ಹುಡುಗನೊಬ್ಬ ಬೆಂಗಳೂರಿನ ಹಾಸ್ಟೆಲ್ಲಿನಲ್ಲಿ ತನ್ನ ಊರಿನ ಹೆಸರು ಹೇಳಿದರೆ, "ನಾಯಿಗೆ ಹೆಸರಾದ ಊರಲ್ಲವೇ?" ಎಂಬ ಪ್ರಶ್ನೆ ಬಂದೀತು. ಹೆಸರಾದ ನಾಯಿ ಆ ಮುಧೋಳದ್ದು, ಈ ಮುಧೋಳದ್ದಲ್ಲ. ಆದರೆ ಈ ಮುಧೋಳಕ್ಕೂ ಅದರ ಸುತ್ತಲಿನ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಿಗೂ ನಾಯಿಯ ಕಥೆಯಲ್ಲಿ ತಮ್ಮದೇ ಆದ ಪಾಲಿದೆ. ಅದನ್ನು ಮುಂದೆ ನೋಡೋಣ.

ಈಗ ನಾಯಿ ಸಾಕುವ ಆಸೆ ಊರೂರಿಗೂ ಬಂದಿದೆ. ಅದರಲ್ಲೂ ತೋಳದಂತೆ ಕಾಣುವ ನಾಯಿಯ ಆಸೆ ಹೆಚ್ಚು. ನೀಲಿ ಕಣ್ಣು, ನಿಮಿರಿದ ಕಿವಿ, ದಟ್ಟ ಕೂದಲು, ಮೇಲಕ್ಕೆ ಸುರುಳಿಯಾದ ಬಾಲ ಇರುವ ಸೈಬೀರಿಯನ್ ಹಸ್ಕಿಯ ಚಿತ್ರ ಮೊಬೈಲಿನಲ್ಲಿ ಕಂಡ ಕೂಡಲೇ, "ಅಪ್ಪಾ, ಇಂಥಾದೊಂದು ನನಗೂ ಕೊಡಸ್ರಿ" ಎಂದು ಹಟ ಹಿಡಿಯುವ ಮಕ್ಕಳಿದ್ದಾರೆ. ಮರಿಗೆ ಎರಡು ತಿಂಗಳಾಗಿದ್ದಾಗ ಎಲ್ಲವೂ ಚೆಂದ. ಎಂಟು ತಿಂಗಳಾದಾಗ ಅದೇ ಮರಿ ಗೋಡೆ ಹಾರುತ್ತದೆ, ನೆಲ ಕೆದರುತ್ತದೆ, ಓಣಿಯ ಕೋಳಿಯ ಬೆನ್ನು ಹತ್ತುತ್ತದೆ, ರಾತ್ರಿ ಊಳಿಡುತ್ತದೆ. ಆಮೇಲೆ ಸರಪಳಿ; ಅದರಾಚೆ, ಕೆಲವು ಮನೆಗಳಲ್ಲಿ, ಊರ ಹೊರಗಿನ ರಸ್ತೆಯಲ್ಲಿ ಬಿಟ್ಟು ಬರುವುದು. ಹೀಗೇಕೆ ಆಗುತ್ತದೆ? ತಪ್ಪು ನಾಯಿಯದೋ ಮನುಷ್ಯನದೋ? ಉತ್ತರ ಬೇಕಿದ್ದರೆ ನಾವು ತೋಳದಿಂದಲೇ ಆರಂಭಿಸಬೇಕು.

ತೋಳದಿಂದ ನಾಯಿಗೆ

ಲೋಕದ ಎಲ್ಲ ಸಾಕುನಾಯಿಗಳೂ ಬೂದು ತೋಳದ ವಂಶಕ್ಕೆ ಸೇರಿದವು. ಅದಕ್ಕೇ ಪ್ರಾಣಿಶಾಸ್ತ್ರಜ್ಞರು ತೋಳವನ್ನು ಕ್ಯಾನಿಸ್ ಲೂಪಸ್ ಎಂದೂ ನಾಯಿಯನ್ನು ಕ್ಯಾನಿಸ್ ಲೂಪಸ್ ಫೆಮಿಲಿಯಾರಿಸ್ ಎಂದೂ ಕರೆಯುತ್ತಾರೆ. ಈಗ ಅಳಿದುಹೋಗಿರುವ ಯಾವುದೋ ತೋಳಗಳ ಗುಂಪೊಂದು ಹದಿನೈದು ಸಾವಿರ ವರ್ಷಗಳಿಗೂ ಹಿಂದೆ ಮನುಷ್ಯನ ಬೀಡುಗಳ ಬಳಿ ಸುಳಿಯತೊಡಗಿತು. ಮನುಷ್ಯನಿನ್ನೂ ಬೇಸಾಯ ಕಲಿತಿರಲಿಲ್ಲ. ದನ, ಕುರಿ, ಕುದುರೆ ಯಾವುದೂ ಅವನ ಬಳಿ ಇರಲಿಲ್ಲ. ಅವನು ಪಳಗಿಸಿದ ಮೊದಲ ಪ್ರಾಣಿಯೇ ನಾಯಿ.

ಹಾಗಾದರೆ ತೋಳದಂತೆ ಕಾಣುವ ನಾಯಿಯೇ ತೋಳಕ್ಕೆ ಹತ್ತಿರವೇ? ಇಲ್ಲಿ ಕಣ್ಣು ನಮಗೆ ಮೋಸ ಮಾಡುತ್ತದೆ. 2004ರಲ್ಲಿ ಅಮೆರಿಕದ ವಿಜ್ಞಾನಿಗಳು 85 ತಳಿಗಳ 414 ನಾಯಿಗಳ ಡಿ.ಎನ್.ಎ.ಯನ್ನು ತೋಳದ ಡಿ.ಎನ್.ಎ. ಜೊತೆ ಹೋಲಿಸಿದರು. ನೋಡಲು ತೋಳದ ತದ್ರೂಪಿನಂತಿರುವ ಜರ್ಮನ್ ಶೆಫರ್ಡ್ ತೋಳಕ್ಕೆ ಹತ್ತಿರದ ಗುಂಪಿನಲ್ಲಿ ಬರಲೇ ಇಲ್ಲ. ಅದು 1899ರಲ್ಲಿ ಜರ್ಮನಿಯ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಸೇನಾಧಿಕಾರಿ ಕುರಿಕಾಯುವ ನಾಯಿಗಳಿಂದ ರೂಪಿಸಿದ ಹೊಸ ತಳಿ. ಹತ್ತಿರದ ಗುಂಪಿನಲ್ಲಿ ಹಸ್ಕಿ ಇತ್ತು, ನಿಜ. ಆದರೆ ಅದರ ಜೊತೆಗೆ ಸಲೂಕಿ, ಅಫ್ಘನ್ ಹೌಂಡ್‌ಗಳಂಥ ಸಪೂರ ಮೈಯ, ಉದ್ದ ಮೂತಿಯ ಬೇಟೆನಾಯಿಗಳೂ ಇದ್ದವು! ಅವುಗಳಲ್ಲಿ ತೋಳದ ರೂಪದ ಸುಳಿವೂ ಇಲ್ಲ. ನಮ್ಮ ಮುಧೋಳದ ನಾಯಿಯ ಮೈಕಟ್ಟು ಹೋಲುವುದು ಈ ಸಲೂಕಿಯನ್ನು.

ರೂಪಕ್ಕಿಂತ ಮುಖ್ಯವಾದದ್ದು ಸ್ವಭಾವ. ತೋಳದ ಬೇಟೆಯನ್ನು ಬಿಡಿಬಿಡಿಯಾಗಿ ನೋಡಿದರೆ ಅದೊಂದು ಸರಪಳಿ: ಗುರುತಿಸು, ದಿಟ್ಟಿಸು, ಹೊಂಚು, ಅಟ್ಟು, ಹಿಡಿ, ಕೊಲ್ಲು, ತಿನ್ನು. ಮನುಷ್ಯ ಸಾವಿರಾರು ವರ್ಷ ತನ್ನ ಕೆಲಸಕ್ಕೆ ತಕ್ಕ ನಾಯಿಗಳನ್ನು ಆರಿಸಿ ಆರಿಸಿ ಬೆಳೆಸಿದಾಗ ಈ ಸರಪಳಿಯ ಕೆಲವು ಕೊಂಡಿಗಳು ಬಲವಾದವು, ಕೆಲವು ಸವೆದವು. ಕುರಿಯನ್ನು ಒಟ್ಟುಗೂಡಿಸುವ ಬಾರ್ಡರ್ ಕೋಲಿಗೆ ದಿಟ್ಟಿಸುವುದು, ಹೊಂಚುವುದು, ಅಟ್ಟುವುದು ಉಳಿಯಿತು, ಕೊಲ್ಲುವುದು ಹೋಯಿತು. ಮಂದೆ ಕಾಯುವ ನಾಯಿಗಳಲ್ಲಿ ಅಟ್ಟುವ ಚಪಲವೇ ತೀರ ಕಡಿಮೆ. ಇಲ್ಲದಿದ್ದರೆ ಕುರಿಗಾಹಿಯ ಕುರಿ ಉಳಿಯುವುದುಂಟೇ? ಮುಧೋಳದ ನಾಯಿಯಲ್ಲಿ ಗುರುತಿಸುವುದು ಮತ್ತು ಅಟ್ಟುವುದು ಎಲ್ಲಕ್ಕಿಂತ ಬಲವಾಗಿವೆ. ಹಸ್ಕಿಯಲ್ಲಿ ದಣಿವಿಲ್ಲದೆ ಓಡುವ ಚಟದ ಜೊತೆಗೆ ಸಣ್ಣ ಪ್ರಾಣಿಗಳ ಮೇಲೆ ಎರಗುವ ತೋಳದ ಬುದ್ಧಿಯೂ ಸಾಕಷ್ಟು ಉಳಿದಿದೆ.

ಅಂದ ಮೇಲೆ, ಕೋಳಿಯ ಬೆನ್ನು ಹತ್ತಿದ ಹಸ್ಕಿ ಕೆಟ್ಟ ನಾಯಿಯೇನಲ್ಲ. ಅದು ತನ್ನ ಅಜ್ಜ ಮುತ್ತಜ್ಜಂದಿರ ಕಸುಬನ್ನು ಮಾಡುತ್ತಿದೆ, ಅಷ್ಟೆ.

ಹಿಮದ ನಾಯಿ, ಬಿಸಿಲ ನಾಡು

ಸೈಬೀರಿಯದ ಈಶಾನ್ಯ ತುದಿಯ ಚುಕ್ಚಿ ಜನ ಹಿಮದ ಮೇಲೆ ಜಾರುಬಂಡಿ ಎಳೆಯಲು ಬೆಳೆಸಿದ ನಾಯಿ ಹಸ್ಕಿ. 1925ರ ಜನವರಿಯಲ್ಲಿ ಅಲಾಸ್ಕದ ನೋಮ್ ಪಟ್ಟಣದಲ್ಲಿ ಮಕ್ಕಳಿಗೆ ಗಂಟಲಮಾರಿ ತಗುಲಿತು. ವಿಮಾನ ಹಾರುವಂತಿರಲಿಲ್ಲ, ಹಡಗು ಬರುವಂತಿರಲಿಲ್ಲ. ಇಪ್ಪತ್ತು ಮಂದಿ ಬಂಡಿಯವರು, ಸುಮಾರು 150 ನಾಯಿಗಳು, ಸುಮಾರು 1,085 ಕಿಲೋಮೀಟರ್ ದೂರವನ್ನು ಕೈಯಿಂದ ಕೈಗೆ ದಾಟಿಸುತ್ತಾ ಐದೂವರೆ ದಿನದಲ್ಲಿ ಔಷಧ ತಲುಪಿಸಿದರು. ಟೋಗೊ, ಬಾಲ್ಟೊ ಎಂಬ ನಾಯಿಗಳ ಹೆಸರು ಲೋಕಕ್ಕೆಲ್ಲ ತಿಳಿದದ್ದು ಆಗ. ಇಂಥ ಓಟಕ್ಕೆ ಹುಟ್ಟಿದ ಮೈಯನ್ನು ನಾವು ಎಲ್ಲಿಗೆ ತರುತ್ತಿದ್ದೇವೆ? ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿ, ಕೆಲವು ದಿನ 42, 43ನ್ನೂ ಮುಟ್ಟುವ ಕಲಬುರಗಿ ಸೀಮೆಗೆ!

ಇಲ್ಲಿರುವ ತೊಡಕನ್ನು ನಿಮ್ಮ ಭೌತಶಾಸ್ತ್ರದ ಪಾಠದಿಂದಲೇ ಬಿಡಿಸಬಹುದು. ನಾಯಿಯ ಮೈಯ ಸಹಜ ಉಷ್ಣತೆ ಸುಮಾರು 38ರಿಂದ 39 ಡಿಗ್ರಿ. ಶಾಖ ಯಾವಾಗಲೂ ಹೆಚ್ಚು ಬಿಸಿಯಾದ ಕಡೆಯಿಂದ ಕಡಿಮೆ ಬಿಸಿಯ ಕಡೆಗೆ ಹರಿಯುತ್ತದೆ. ಹೊರಗೆ 25 ಡಿಗ್ರಿ ಇದ್ದಾಗ ಮೈಯ ಶಾಖ ತಾನಾಗಿ ಗಾಳಿಗೆ ಸೇರುತ್ತದೆ. ಹೊರಗೆ 42 ಇದ್ದಾಗ? ದಿಕ್ಕೇ ತಿರುಗುತ್ತದೆ. ಗಾಳಿಯ ಶಾಖವೇ ಮೈಗೆ ನುಗ್ಗುತ್ತದೆ. ಆಗ ಉಳಿಯುವುದು ಒಂದೇ ಉಪಾಯ, ನೀರನ್ನು ಆವಿ ಮಾಡುವುದು. ಒಂದು ಗ್ರಾಂ ನೀರು ಮೈಮೇಲಿಂದ ಆವಿಯಾಗಿ ಹೋಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ನಮಗೆ ಮೈಯೆಲ್ಲ ಬೆವರುವ ಸೌಕರ್ಯವಿದೆ. ನಾಯಿಗೆ ಇಲ್ಲ. ಅದು ಬೆವರುವುದು ಪಾದದ ಮೆತ್ತೆಗಳಲ್ಲಿ ಸ್ವಲ್ಪ ಮಾತ್ರ. ಆದ್ದರಿಂದ ನಾಲಿಗೆ ಚಾಚಿ ತೇಕುತ್ತದೆ. ಸುಮ್ಮನಿದ್ದಾಗ ನಿಮಿಷಕ್ಕೆ ಮೂವತ್ತರ ಆಸುಪಾಸಿನಲ್ಲಿರುವ ಉಸಿರು ಆಗ ಮುನ್ನೂರರವರೆಗೂ ಏರಬಹುದು. ನಾಲಿಗೆ, ಬಾಯಿ, ಮೂಗಿನ ತೇವ ಆವಿಯಾಗುತ್ತಾ ರಕ್ತವನ್ನು ತಂಪು ಮಾಡುತ್ತದೆ.

ಇದರ ಮೇಲೆ ಓಟವನ್ನೂ ಸೇರಿಸಿ ನೋಡಿ. ಸ್ನಾಯುಗಳು ಬಳಸುವ ಶಕ್ತಿಯಲ್ಲಿ ನಾಲ್ಕನೇ ಒಂದು ಪಾಲಷ್ಟೇ ಚಲನೆಯಾಗುತ್ತದೆ, ಮಿಕ್ಕದ್ದೆಲ್ಲ ಶಾಖ. ಹಸ್ಕಿಯ ಮೈಮೇಲೆ ಎರಡು ಪದರ ಕೂದಲು ಬೇರೆ: ಹೊರಗೆ ಉದ್ದ ಒರಟು ಕೂದಲು, ಒಳಗೆ ಉಣ್ಣೆಯಂಥ ತುಪ್ಪಟ. ಓಡುವಾಗ ಒಳಗೆ ಹುಟ್ಟಿದ ಶಾಖವನ್ನು ಆ ತುಪ್ಪಟ ಕಂಬಳಿಯಂತೆ ಹಿಡಿದಿಡುತ್ತದೆ. "ಹಾಗಿದ್ದರೆ ಕೂದಲನ್ನು ನುಣ್ಣಗೆ ಬೋಳಿಸಿಬಿಡೋಣ" ಎಂದೀರಿ. ಅದೂ ಸರಿಯಲ್ಲ. ಸುಡುವ ಬಿಸಿಲು ನೇರವಾಗಿ ಚರ್ಮಕ್ಕೆ ತಾಗದಂತೆ ತಡೆಯುವುದೂ ಅದೇ ಕೂದಲು. ಉದುರಿದ ತುಪ್ಪಟವನ್ನು ದಿನಾ ಬಾಚಿ ತೆಗೆಯಬೇಕು, ಬೋಳಿಸಬಾರದು.

ಮೈಯ ಉಷ್ಣತೆ 41 ಡಿಗ್ರಿ ದಾಟಿದರೆ ಪ್ರಾಣಕ್ಕೇ ಅಪಾಯ. ವಿಪರೀತ ತೇಕುವುದು, ಅಂಟು ಜೊಲ್ಲು, ಕಡುಗೆಂಪಾದ ವಸಡು, ತೂರಾಡುವ ನಡಿಗೆ, ವಾಂತಿ: ಇವು ಉಷ್ಣಾಘಾತದ ಲಕ್ಷಣಗಳು. ಕಂಡ ಕೂಡಲೇ ನೆರಳಿಗೆ ತನ್ನಿ. ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಿ. ಕುಡಿಯಲು ನೀರಿಡಿ, ಆದರೆ ಬಲವಂತವಾಗಿ ಗಂಟಲಿಗೆ ಹೊಯ್ಯಬೇಡಿ. ಮೈ ತಂಪಾಗತೊಡಗಿದ ಮೇಲೆ, ಅದು ಚೇತರಿಸಿಕೊಂಡಂತೆ ಕಂಡರೂ, ಪಶುವೈದ್ಯರ ಬಳಿಗೆ ಕೊಂಡೊಯ್ಯಿರಿ. ಒಳಗಿನ ಅಂಗಗಳಿಗೆ ಆದ ಪೆಟ್ಟು ಹೊರಗೆ ಕಾಣುವುದಿಲ್ಲ.

ಹಸ್ಕಿಯನ್ನು ತರಬೇಡಿ ಎಂದು ನಾನು ಹೇಳಬೇಕಾಗಿಯೇ ಇಲ್ಲ. ಮೇಲಿನ ಲೆಕ್ಕವೇ ಅದನ್ನು ಹೇಳುತ್ತದೆ. ಹಗಲಿಡೀ ತಂಪಾಗಿಸಿದ ಕೋಣೆಯಲ್ಲಿ ಅದನ್ನು ಕೂಡಿಟ್ಟರೆ ಬಿಸಿಲು ತಪ್ಪೀತು, ಆದರೆ ಓಟವೂ ತಪ್ಪುತ್ತದೆ. ಓಟ ತಪ್ಪಿದ ಹಸ್ಕಿ ಮಂಚ, ಬಾಗಿಲು, ಚಪ್ಪಲಿಗಳ ಮೇಲೆ ತನ್ನ ಶಕ್ತಿ ತೋರಿಸುತ್ತದೆ.

ನಮ್ಮ ನೆಲದ ಓಟಗಾರ

ಈಗ ಬಾಗಲಕೋಟೆಯ ಮುಧೋಳಕ್ಕೆ ಬನ್ನಿ. ಅಲ್ಲಿನ ಬೇಟೆನಾಯಿ ಬಿಸಿಲಿಗೆ ಒಗ್ಗಿದ ಮೈಯನ್ನು ಪಡೆದೇ ಹುಟ್ಟಿದೆ. ನೆಲದಿಂದ ಭುಜಕ್ಕೆ ಸುಮಾರು 70 ಸೆಂಟಿಮೀಟರ್ ಎತ್ತರ. ಆದರೆ ತೂಕ ಇಪ್ಪತ್ತು ಚಿಲ್ಲರೆ ಕಿಲೋ ಮಾತ್ರ. ಆಳವಾದ ಎದೆ, ಒಳಸರಿದ ಹೊಟ್ಟೆ, ಉದ್ದ ಕಾಲು, ಚಾಟಿಯಂಥ ಬಾಲ, ಮೈಗಂಟಿದ ಗಿಡ್ಡ ಕೂದಲು. ತೂಕಕ್ಕೆ ಹೋಲಿಸಿದರೆ ಮೈಯ ಹೊರಮೈ ಹೆಚ್ಚು, ಕೊಬ್ಬು ಕಡಿಮೆ. ಶಾಖ ಬೇಗ ಹೊರಹೋಗುತ್ತದೆ. ಓಡುವಾಗ ಅದರ ಬೆನ್ನು ಬಿಲ್ಲಿನಂತೆ ಬಾಗಿ ಚಿಮ್ಮುತ್ತದೆ. ಒಂದೊಂದು ಹಾರಿಕೆಯಲ್ಲಿ ಎರಡೆರಡು ಬಾರಿ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ. ಉದ್ದ ತಲೆಯ ಎರಡೂ ಪಕ್ಕದಲ್ಲಿರುವ ಕಣ್ಣುಗಳಿಗೆ ನಮಗಿಂತ ಬಹಳ ವಿಶಾಲವಾದ ನೋಟ. ವಾಸನೆ ಹಿಡಿದು ಹೋಗುವುದಕ್ಕಿಂತ ಕಣ್ಣಿಗೆ ಬಿದ್ದದ್ದನ್ನು ಅಟ್ಟುವ ನಾಯಿ ಇದು.

ಇದೇ ಬಗೆಯ ನಾಯಿಯನ್ನು ದಖ್ಖನಿನ ಬೇರೆ ಬೇರೆ ಕಡೆ ಕಾರವಾನ್, ಕರವಾನಿ ಎಂದು ಕರೆಯುತ್ತಾರೆ. ಕಿವಿ, ಬಾಲಗಳ ಮೇಲೆ ರೇಷ್ಮೆಯಂಥ ಕೂದಲಿದ್ದರೆ ಅದು ಪಶ್ಮಿ. ಮಧ್ಯ ಹಾಗೂ ಪಶ್ಚಿಮ ಏಷ್ಯದಿಂದ ವರ್ತಕರು, ಸೈನಿಕರು ತಂದ ನಾಯಿಗಳಿಂದ ಈ ಕುಲ ಬೆಳೆಯಿತೆಂಬುದು ವಾಡಿಕೆಯ ಮಾತು. ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಬೇಡರೇ ಮುಂತಾದವರ ಬಳಿ ಇದ್ದ ಒಳ್ಳೆಯ ನಾಯಿಗಳನ್ನು ಆರಿಸಿ ತಳಿಯನ್ನು ಕಾಪಾಡಿದರು. ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಒಂದು ಜೋಡಿಯನ್ನು ಕಾಣಿಕೆ ಕೊಟ್ಟರು. ತಳಿಗೆ ಊರಿನ ಹೆಸರು ಅಂಟಿದ್ದು ಹೀಗೆ.

ಆ ಬಳಿಕದ ಕೆಲವು ಮೈಲಿಗಲ್ಲುಗಳು: 2005ರಲ್ಲಿ ಭಾರತೀಯ ಅಂಚೆ ಇಲಾಖೆ ಹೊರತಂದ ದೇಶಿ ನಾಯಿಗಳ ನಾಲ್ಕು ಅಂಚೆಚೀಟಿಗಳಲ್ಲಿ ಒಂದು ಮುಧೋಳದ ನಾಯಿಯದು. ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವನ್ನು ನಡೆಸುತ್ತಿದೆ. 2016ರಲ್ಲಿ ಮರಿಗಳು ಮೀರತ್‌ನ ಸೇನಾ ಶ್ವಾನ ತರಬೇತಿ ಕೇಂದ್ರಕ್ಕೆ ಹೋದವು. 2024ರ ಅಖಿಲ ಭಾರತ ಪೊಲೀಸ್ ಕರ್ತವ್ಯ ಕೂಟದಲ್ಲಿ ಗಡಿ ಭದ್ರತಾ ಪಡೆಯ 'ರಿಯಾ' ಎಂಬ ಮುಧೋಳದ ನಾಯಿ 116 ನಾಯಿಗಳ ನಡುವೆ ಜಾಡು ಹಿಡಿಯುವುದರಲ್ಲಿ ಮೊದಲ ಸ್ಥಾನ ಪಡೆದು, ಕೂಟದ ಶ್ರೇಷ್ಠ ನಾಯಿ ಎಂಬ ಹೆಸರನ್ನೂ ಗಳಿಸಿತು. ಕಣ್ಣಿನ ಬೇಟೆಗಾರ ಮೂಗಿನ ಕೆಲಸದಲ್ಲೂ ಗೆದ್ದದ್ದನ್ನು ಗಮನಿಸಿ. ತರಬೇತಿಯ ಬಲ ಅಂಥದು!

ಹಾಗೆಂದು ಮುಧೋಳದ ನಾಯಿ ಎಲ್ಲ ಮನೆಗೂ ಹೊಂದುತ್ತದೆಯೇ? ಇಲ್ಲ. ಬಿಸಿಲಿನ ಪ್ರಶ್ನೆಗೆ ಅದು ಉತ್ತರ. ಓಟದ ಪ್ರಶ್ನೆಗೆ ಅಲ್ಲ. ಕಟ್ಟಿಹಾಕಿದರೆ ಅದು ಕೊರಗುತ್ತದೆ. ಅಪರಿಚಿತರು ಮೈ ಮುಟ್ಟುವುದು ಅದಕ್ಕೆ ಹಿಡಿಸದು. ಮೊಲವೋ ಬೆಕ್ಕೋ ಓಡಿದ್ದು ಕಂಡರೆ ಯಜಮಾನನ ಕೂಗೂ ಅದರ ಕಿವಿಗೆ ಬೀಳದು.

ಮಾನ್ಯಖೇಟದ ಕಾಲದ ಒಂದು ನಾಯಿ

ಸೇಡಂ ಸೀಮೆಗೆ ನಾಯಿಯ ಕಥೆಯಲ್ಲಿ ಪಾಲಿದೆ ಎಂದೆನಲ್ಲ, ಈಗ ಕೇಳಿ. ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ನದಿಯ ದಂಡೆಯ ಊರು, ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಅಲ್ಲಿಂದ ಆಳಿದ ಮೂರನೆಯ ಕೃಷ್ಣನು 949ರ ಸುಮಾರಿಗೆ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ. ಅವನ ಪರವಾಗಿ ಕಾದಿದವನು ಗಂಗರ ಇಮ್ಮಡಿ ಬೂತುಗ. ಬೂತುಗನ ಕೈಕೆಳಗೆ ಮಣಲೇರ ಎಂಬ ವೀರನಿದ್ದ. ಅವನ ಪರಾಕ್ರಮಕ್ಕೆ ಮೆಚ್ಚಿ "ಏನು ಬೇಕು ಕೇಳು" ಎಂದಾಗ, ಮಣಲೇರ ಬೇಡಿದ್ದು ಹೊನ್ನನ್ನಲ್ಲ. 'ಕಾಳಿ' ಎಂಬ ಬೇಟೆನಾಯಿಯನ್ನು. ಮುಂದೆ ಒಂದು ದಿನ ಆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಹೋರಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಆ ಶಾಸನ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿ ಮತ್ತು ಹಂದಿ ಸೆಣಸುವ ಚಿತ್ರವನ್ನೂ ಅದರಲ್ಲಿ ನೋಡಬಹುದು. ದೊರೆಯ ಗೆಲುವನ್ನೂ ನಾಯಿಯ ಸಾವನ್ನೂ ಒಂದೇ ಕಲ್ಲಿನ ಮೇಲೆ ಬರೆದ ನಾಡು ನಮ್ಮದು.

ಅಂದಿನ ಕಾಳಿಗೂ ಇಂದಿನ ತಳಿಗಳಿಗೂ ನೇರ ನಂಟು ಕಟ್ಟುವುದು ಬೇಡ. ಒಂದು ಮಾತು ಮಾತ್ರ ಸ್ಪಷ್ಟ. ಆ ನಾಯಿಗೆ ಕೆಲಸವಿತ್ತು. ಇಂದು ಬೇಟೆ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಾಯಿಬಿಟ್ಟು ಮೊಲ, ಕೃಷ್ಣಮೃಗಗಳನ್ನು ಹಿಡಿಸುವುದು ಅಪರಾಧ. ಕೆಲಸ ಹೋಯಿತು, ಕೆಲಸಕ್ಕೆ ಬೇಕಾದ ಶಕ್ತಿ ಉಳಿಯಿತು. ಚುರುಕಿನ ನಾಯಿ ಸಾಕುವವರು ಮೊದಲು ತಿಳಿಯಬೇಕಾದದ್ದು ಇದನ್ನೇ.

ದಿನಚರಿ ಹೇಗಿರಬೇಕು?

ಇಂಥ ನಾಯಿಗೆ ದಿನಕ್ಕೆ ಒಂದರಿಂದ ಎರಡು ಗಂಟೆ ಓಟ, ನಡಿಗೆ, ಆಟ ಬೇಕು. ಒಂದು ದಿನ ಮಾಡಿ ನಾಲ್ಕು ದಿನ ಬಿಟ್ಟರೆ ಆಗದು. ಹತ್ತು ಹನ್ನೆರಡು ವರ್ಷ, ಮಳೆಗಾಲ, ಪರೀಕ್ಷೆ, ಮದುವೆ ಮುಂಜಿ ಎಲ್ಲದರ ನಡುವೆಯೂ ನಡೆಯಬೇಕು. ನೀವು ಪಿ.ಯು.ಸಿ. ಮುಗಿಸಿ ಧಾರವಾಡಕ್ಕೋ ಬೆಂಗಳೂರಿಗೋ ಓದಲು ಹೋದರೆ ಅದನ್ನು ಓಡಿಸುವವರು ಯಾರು? ಮರಿ ತರುವ ಮುನ್ನ ಮನೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು.

ಬೇಸಿಗೆಯಲ್ಲಿ ಓಟ ಬೆಳಗಿನ ಜಾವ ಐದರಿಂದ ಆರೂವರೆಯೊಳಗೆ, ಇಲ್ಲವೇ ಸೂರ್ಯ ಮುಳುಗಿ ನೆಲ ಆರಿದ ಮೇಲೆ. ನಿಮ್ಮ ಕಡೆ ಅಂಗಳಕ್ಕೆ, ಓಣಿಗೆ ಶಹಾಬಾದ್ ಕಲ್ಲು ಹಾಸಿರುತ್ತದೆ. ಕಲ್ಲು ಹಗಲಿನ ಶಾಖವನ್ನು ಹಿಡಿದಿಟ್ಟು ಸಂಜೆಯ ಮೇಲೂ ಬಿಡುತ್ತಿರುತ್ತದೆ. ನಿಮ್ಮ ಅಂಗೈಯ ಹಿಂಬದಿಯನ್ನು ಕಲ್ಲಿನ ಮೇಲಿಟ್ಟು ಏಳರವರೆಗೆ ಎಣಿಸಿ. ನಿಮಗೆ ತಡೆಯಲಾಗದಿದ್ದರೆ ನಾಯಿಯ ಪಾದಕ್ಕೂ ತಡೆಯದು.

ಮೈ ದಣಿಸಿದರೆ ಸಾಲದು, ಬುದ್ಧಿಗೂ ಕೆಲಸ ಕೊಡಬೇಕು. ರೊಟ್ಟಿಯ ಚೂರನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಬಚ್ಚಿಟ್ಟು ಹುಡುಕಲು ಬಿಡಿ. ಹತ್ತು ನಿಮಿಷದ ಹುಡುಕಾಟ ಬಹುದೂರದ ನಡಿಗೆಯಷ್ಟು ತೃಪ್ತಿ ಕೊಡುತ್ತದೆ. ಮಾತು ಕಲಿಸುವಾಗ ಒಂದು ಕೆಲಸಕ್ಕೆ ಒಂದೇ ಪದ ಇರಲಿ. ಅಪ್ಪ "ಕೂಡು" ಎಂದೂ ಅಣ್ಣ "ಸಿಟ್" ಎಂದೂ ಅವ್ವ "ಕುಂದ್ರು" ಎಂದೂ ಹೇಳಿದರೆ ನಾಯಿ ಯಾರ ಮಾತು ಕೇಳೀತು? ಹೇಳಿದಂತೆ ಮಾಡಿದ ಕೂಡಲೇ ತಿನಿಸೋ ಮೆಚ್ಚುಗೆಯೋ ಸಿಗಬೇಕು. ತಡವಾದರೆ ಯಾವುದಕ್ಕೆ ಸಿಕ್ಕಿತೆಂದು ಅದಕ್ಕೆ ತಿಳಿಯದು.

ಹೊಡೆದು ಪಳಗಿಸುವ ಮಾತನ್ನು ಮರೆತುಬಿಡಿ. "ನಾಯಿ ತೋಳದ ಜಾತಿ, ತೋಳದ ಹಿಂಡಿಗೆ ಒಬ್ಬ ಒಡೆಯನಿರುತ್ತಾನೆ, ನೀವು ಹೊಡೆದು ಒಡೆಯರಾಗಿ" ಎಂದು ಹೇಳುವವರಿದ್ದಾರೆ. ಇದು 1947ರಲ್ಲಿ ಪ್ರಕಟವಾದ, ಬೋನಿನಲ್ಲಿ ಕೂಡಿಹಾಕಿದ ತೋಳಗಳ ಅಧ್ಯಯನದಿಂದ ಹುಟ್ಟಿದ ನಂಬಿಕೆ. ಕಾಡಿನ ತೋಳಗಳನ್ನು ದಶಕಗಳ ಕಾಲ ಗಮನಿಸಿದ ಅಮೆರಿಕದ ಡೇವಿಡ್ ಮೀಚ್ 1999ರಲ್ಲಿ ಅದನ್ನು ಅಲ್ಲಗಳೆದರು. ಕಾಡಿನ ಹಿಂಡೆಂದರೆ ಸಾಮಾನ್ಯವಾಗಿ ತಂದೆ, ತಾಯಿ ಮತ್ತು ಅವರ ಮರಿಗಳ ಒಂದು ಸಂಸಾರ. ಮರಿಗಳು ಹಿರಿಯರನ್ನು ಹಿಂಬಾಲಿಸುವುದು ಹೆದರಿ ಅಲ್ಲ, ಹೊಟ್ಟೆ ತುಂಬುವುದು ಅವರಿಂದ ಎಂದು. ತೋಳದಿಂದ ಕಲಿಯುವುದಿದ್ದರೆ ಅದನ್ನು ಕಲಿಯೋಣ.

ಊಟದ ಬಗ್ಗೆ ಒಂದೆರಡು ಮಾತು. ಜೋಳದ ರೊಟ್ಟಿ, ಹಾಲು ಒಳ್ಳೆಯವೇ, ಆದರೆ ಓಡುವ ನಾಯಿಗೆ ಅಷ್ಟೇ ಸಾಲದು. ಮೊಟ್ಟೆ, ಮಾಂಸ, ಇಲ್ಲವೇ ಪಶುವೈದ್ಯರು ಹೇಳಿದ ಬೇರೆ ಪ್ರೋಟೀನು ಬೇಕು. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು, ಪಲ್ಯ ಬೇಡ. ಅವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಚಾಕೊಲೇಟ್ ಕೂಡ ವಿಷ. ಹೊಟ್ಟೆ ತುಂಬ ಉಂಡ ಕೂಡಲೇ ಓಡಿಸಬೇಡಿ. ಆಳವಾದ ಎದೆಯ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ.

ಲಸಿಕೆಯಲ್ಲಿ ರಾಜಿ ಇಲ್ಲ

ನಾಯಿ ಇರುವ ಮನೆಯಲ್ಲಿ ಹುಚ್ಚುನಾಯಿ ರೋಗದ ವಿಚಾರ ಬಾರದೆ ತೀರದು. ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುವುದು ಹೆಚ್ಚುಕಡಿಮೆ ಅಸಾಧ್ಯ. ಆದರೆ ಮುಂಚೆಯೇ ತಡೆಯುವುದು ಪೂರ್ತಿ ಸಾಧ್ಯ. 1885ರಲ್ಲಿ ಲೂಯಿ ಪಾಶ್ಚರ್ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ಮೊದಲ ಲಸಿಕೆ ಕೊಟ್ಟಂದಿನಿಂದ ಈ ದಾರಿ ತೆರೆದಿದೆ. ಮರಿಗೆ ಮೂರು ತಿಂಗಳಿಗೆ ಮೊದಲ ರೇಬೀಸ್ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷ ವರ್ಷವೂ ಹಾಕಿಸಿ. ಯಾವ ನಾಯಿ ಕಚ್ಚಿದರೂ, ಸಾಕಿದ್ದಾದರೂ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ. ಸುಣ್ಣ, ಖಾರದ ಪುಡಿ, ಎಣ್ಣೆ ಏನನ್ನೂ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಿ. ಮನೆಯವರು ಬೈದಾರೆಂದು ಕಚ್ಚಿದ್ದನ್ನು ಮುಚ್ಚಿಡಬೇಡಿ. ಮುಚ್ಚಿಟ್ಟ ಒಂದು ಸಣ್ಣ ಗಾಯ ಒಂದು ಜೀವದಷ್ಟು ದುಬಾರಿಯಾಗಬಹುದು.

ಚಿಂಚೋಳಿಯ ನಿಜವಾದ ತೋಳ

ಕೊನೆಗೆ ನಿಜವಾದ ತೋಳದ ಮಾತು. ನಮ್ಮ ಬಯಲು ಸೀಮೆಯ ತೋಳ ಹಿಮದ ನಾಡಿನ ತೋಳದಂತೆ ದಪ್ಪ ಕೂದಲಿನದಲ್ಲ. ಸಪೂರ ಮೈಯ, ತೆಳು ಕೂದಲಿನ, ಒಣ ನೆಲದ ಪ್ರಾಣಿ. ನೋಡಿ, ಬಿಸಿಲು ನಾಡು ತನ್ನ ತೋಳವನ್ನೂ ತನ್ನ ಬೇಟೆನಾಯಿಯನ್ನೂ ಒಂದೇ ನಿಯಮದಿಂದ ತಿದ್ದಿದೆ! 2022ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ದೇಶದಲ್ಲಿ ಈ ತೋಳಗಳು ಉಳಿದಿರುವುದು ಸುಮಾರು 3,100 ಮಾತ್ರ. 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿ ಧಾಮದಲ್ಲಿ ಅವುಗಳಿಗೂ ನೆಲೆ ಇದೆ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ಒಂದು ಧಾಮವಿದೆ.

ಬೇಟೆಗಾರನಿಗಿಂತ ಈಗ ಈ ತೋಳಕ್ಕೆ ಹೆಚ್ಚಿನ ಅಪಾಯ ಎಲ್ಲಿಂದ ಗೊತ್ತೇ? ಹುಲ್ಲುಗಾವಲು ಕರಗುತ್ತಿರುವುದು ಒಂದು. ನಾವು ಬೀದಿಗೆ ಬಿಟ್ಟ ನಾಯಿಗಳು ಇನ್ನೊಂದು. ನಾಯಿಗಳಿಂದ ಡಿಸ್ಟೆಂಪರ್, ರೇಬೀಸ್ ಮುಂತಾದ ರೋಗಗಳು ತೋಳಗಳಿಗೆ ಹರಡುತ್ತವೆ. ಎರಡೂ ಒಂದೇ ಜಾತಿಯಾದ್ದರಿಂದ ಕೂಡಿ ಮರಿ ಹಾಕಬಲ್ಲವು. ಪುಣೆಯ ಬಳಿಯ ಹುಲ್ಲುಗಾವಲಿನಲ್ಲಿ ಹಾಗೆ ಹುಟ್ಟಿದ ಮಿಶ್ರ ಪ್ರಾಣಿಗಳಿರುವುದು 2023ರಲ್ಲಿ ಡಿ.ಎನ್.ಎ. ಪರೀಕ್ಷೆಯಿಂದ ಖಚಿತವಾಯಿತು. ಹೀಗೇ ಮುಂದುವರಿದರೆ ತೋಳ ಗುಂಡಿಗೆ ಬಲಿಯಾಗದೆಯೂ, ನಾಯಿಯಲ್ಲಿ ಬೆರೆತು ಇಲ್ಲವಾದೀತು.

ಹಾಗಾದರೆ ತೋಳದ ಮರಿಯನ್ನೇ ತಂದು ಸಾಕಿದರೆ? ಅದು ಅಪರಾಧ; ತೋಳ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅದು ಸಾಧ್ಯವಾಗುವ ಮಾತೂ ಅಲ್ಲ. ಹಂಗೇರಿಯ ಬುಡಾಪೆಸ್ಟಿನ ವಿಜ್ಞಾನಿಗಳು ಕಣ್ಣು ಬಿಡದ ತೋಳದ ಮರಿಗಳನ್ನು ತಂದು ಕೈಯಾರೆ ಹಾಲೂಡಿಸಿ ಸಾಕಿದರು. ಬಿಡಿಸಲಾಗದ ಒಂದು ಸಮಸ್ಯೆ ಒಡ್ಡಿದಾಗ ನಾಯಿಗಳು ಸ್ವಲ್ಪ ಯತ್ನಿಸಿ, ತಿರುಗಿ ಸಾಕಿದವರ ಮುಖ ನೋಡಿದವು. ತೋಳಗಳು ಹೆಚ್ಚುಕಡಿಮೆ ನೋಡಲೇ ಇಲ್ಲ. ತಾವೇ ಹೆಣಗುತ್ತಾ ಉಳಿದವು. ಆ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಹದಿನೈದು ಸಾವಿರ ವರ್ಷ ನಾಯಿಗೆ ಕಲಿಸಿದ್ದು ಇದನ್ನೇ, ಕಷ್ಟ ಬಂದಾಗ ಮನುಷ್ಯನ ಮುಖ ನೋಡುವುದನ್ನು. ಊರ ಹೊರಗೆ ಬಿಟ್ಟುಬಂದ ನಾಯಿ ಹೋಗುವ ಬಸ್ಸನ್ನೇ ನೋಡುತ್ತಾ ನಿಲ್ಲುವುದು ಇದಕ್ಕಾಗಿ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಹೀಗೆ ಬಿಟ್ಟು ಬರುವುದೂ, ಗಂಟೆಗಟ್ಟಲೆ ಗಿಡ್ಡ ಸರಪಳಿಯಲ್ಲಿ ಕಟ್ಟಿಡುವುದೂ ಅಪರಾಧ ಎಂಬುದು ನೆನಪಿರಲಿ.

ನೀವೇ ಮಾಡಿ ನೋಡಿ

1. ಎರಡು ಸಮಾನ ಲೋಟಗಳಲ್ಲಿ ಬಿಸಿನೀರು ತುಂಬಿ. ಒಂದಕ್ಕೆ ಉಣ್ಣೆಯ ಬಟ್ಟೆ ಸುತ್ತಿ, ಇನ್ನೊಂದಕ್ಕೆ ಒದ್ದೆ ಮಾಡಿದ ತೆಳು ಹತ್ತಿ ಬಟ್ಟೆ ಸುತ್ತಿ. ಐದೈದು ನಿಮಿಷಕ್ಕೊಮ್ಮೆ ಉಷ್ಣತಾಮಾಪಕದಿಂದ ಅಳೆದು ನಕ್ಷೆ ಬರೆಯಿರಿ. ಹಸ್ಕಿ ಯಾವುದು? ತೇಕುವ ನಾಲಿಗೆ ಯಾವುದು?

2. ಮೇ ತಿಂಗಳ ಒಂದು ದಿನ ಬೆಳಗ್ಗೆ ಆರು, ಮಧ್ಯಾಹ್ನ ಎರಡು, ಸಂಜೆ ಏಳು ಗಂಟೆಗೆ ನಿಮ್ಮ ಅಂಗಳದ ಕಲ್ಲಿನ ಉಷ್ಣತೆ ಮತ್ತು ನೆರಳಿನ ಗಾಳಿಯ ಉಷ್ಣತೆ ಬರೆದಿಡಿ. ನಾಯಿಯನ್ನು ಯಾವಾಗ ಹೊರಗೆ ಕರೆದೊಯ್ಯಬೇಕೆಂದು ನೀವೇ ಹೇಳಿ.

3. ನಿಮ್ಮ ಊರಿಗೆ ಬರುವ ಕುರಿಗಾಹಿಗಳನ್ನು, ಹಿರಿಯರಾದ್ದರಿಂದ ಗೌರವದಿಂದ, ಮಾತನಾಡಿಸಿ. ಅವರ ನಾಯಿ ಮಂದೆಯಲ್ಲಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ? ತೋಳದ ಬೇಟೆಯ ಏಳು ಕೊಂಡಿಗಳಲ್ಲಿ ಯಾವುದು ಉಳಿದಿದೆ, ಯಾವುದು ಸವೆದಿದೆ ಎಂದು ಪಟ್ಟಿ ಮಾಡಿ.

ಮರಿ ತರುವ ಆಸೆ ಇನ್ನೂ ಉಳಿದಿದ್ದರೆ ಮೊದಲು ಒಂದು ತಿಂಗಳು, ದಿನಾ ಬೆಳಗಿನ ಐದಕ್ಕೆದ್ದು, ನಾಯಿಯಿಲ್ಲದೆ ನೀವೊಬ್ಬರೇ ಒಂದು ಗಂಟೆ ನಡೆದು ಬನ್ನಿ. ಒಂದು ದಿನವೂ ತಪ್ಪದಿದ್ದರೆ ನಿಮ್ಮ ಜೊತೆ ಓಡಲು ನಾಯಿಯೊಂದು ಬರಬಹುದು. ತಪ್ಪಿದರೆ, ಓಣಿಯ ನಾಟಿ ನಾಯಿಗೆ ಒಂದು ಬಟ್ಟಲು ನೀರಿಟ್ಟು, ಅದಕ್ಕೆ ಲಸಿಕೆ ಹಾಕಿಸಿ. ಅದೂ ತೋಳದ ಬಂಧುವೇ. ಈ ಬಿಸಿಲಿಗೆ ಯಾವತ್ತೋ ಒಗ್ಗಿರುವ ಬಂಧು.